ಕಟ್ ಮಾಡಿದರೆ ಬಂದ ಹಾಗೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಪಂಡಿತ ಅಂತಲೇ ಕರೆಯುತ್ತಿದ್ದರು. ಹೆಚ್ಚು ಓದಿದವನೇನಲ್ಲ, ಮೊಬೈಲ್ ರಿಪೇರಿ ಮಾಡುವವನು. ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಇಕ್ಕಟ್ಟಿನ ಅಂಗಡಿ. ಆದರೆ ಫೋನು ಸರಿ ಮಾಡುವುದಕ್ಕಿಂತ ಬುದ್ಧಿ ಹೇಳುವುದರಲ್ಲೇ ಅವನಿಗೆ ರುಚಿ ಹೆಚ್ಚು. ಅದರಲ್ಲೂ ವಿದೇಶ ಪ್ರವಾಸಕ್ಕೆ ಹೊರಟವರು ಫೋನಿನ ಪರದೆಗೆ ಟೆಂಪರ್ ಗ್ಲಾಸ್ ಹಾಕಿಸಲು ಬಂದರೆ ಮುಗಿಯಿತು, ಗ್ಲಾಸು ಅಂಟುವುದರೊಳಗೆ ಅವರಿಗೆ ಪೂರ್ತಿ ಪಾಠ ಆಗಿರುತ್ತಿತ್ತು.

"ಇಳಿದ ತಕ್ಷಣ ಡೇಟಾ ಆಫ್ ಮಾಡಿ. ಮ್ಯಾಪು ಇಲ್ಲೇ ಇಳಿಸ್ಕೊಂಡು ಹೋಗಿ. ಪುಕ್ಕಟೆ ವೈಫೈ ಸಿಕ್ತು ಅಂತ ಬಾಯಿ ಬಿಟ್ಕೊಂಡು ಕನೆಕ್ಟ್ ಮಾಡ್ಬೇಡಿ, ಬ್ಯಾಂಕ್ ಖಾತೆ ಬೋಳಿಸಿಬಿಡ್ತಾರೆ. ಮನೆಯಿಂದ ಕಾಲ್ ಬಂದ್ರೆ ಎತ್ಬೇಡಿ, ರೋಮಿಂಗು ಚರ್ಮ ಸುಲಿಯುತ್ತೆ. ಕಟ್ ಮಾಡಿ. ಕಟ್ ಮಾಡಿದ್ರೆ ಒಂದು ಕಾಸೂ ಬೀಳಲ್ಲ."

ಗಿರಾಕಿಗಳು ತಲೆಯಾಡಿಸಿಕೊಂಡು ಹೋಗುತ್ತಿದ್ದರು. ಇಷ್ಟೆಲ್ಲ ಹೇಳುವ ಮಹಾನುಭಾವ ತಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿದವನಲ್ಲ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಯಲ್ಲಿದ್ದವರು ಮೂವರು: ಅವನು, ಹೆಂಡತಿ, ಅಕ್ಕ. ಅಕ್ಕ ಅಂದರೆ ಹೆಸರಿಗೆ ಅಕ್ಕ, ಸಾಕಿದ್ದರಲ್ಲಿ ತಾಯಿ. ಅವನಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬಾರದಿದ್ದಾಗ ಅಮ್ಮ ತೀರಿಕೊಂಡಿದ್ದಳು. ಅಕ್ಕ ಮದುವೆಯ ಮಾತನ್ನೇ ಎತ್ತಗೊಡದೆ, ಶಾಲೆಯೊಂದರಲ್ಲಿ ಗಂಟೆ ಬಾರಿಸುವ ಕೆಲಸಕ್ಕೆ ಸೇರಿ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ನಿವೃತ್ತಿಯಾಗುವವರೆಗೂ ಅದೇ ಕೆಲಸ. ಅವಳು ಗಂಟೆ ಹೊಡೆದರೆ ಇಡೀ ಶಾಲೆ ಏಳುತ್ತಿತ್ತು, ಇನ್ನೊಂದು ಹೊಡೆದರೆ ಕೂರುತ್ತಿತ್ತು. ಹೆಡ್‌ಮಾಸ್ಟರರ ಮಾತಿಗೂ ಆ ಬೆಲೆ ಇರಲಿಲ್ಲ ಎಂದು ಅವಳಿಗೆ ಒಳಗೊಳಗೇ ಜಂಬ. ಒಂದು ಕೆಲಸಕ್ಕೆ ಒಮ್ಮೆ ಗಂಟೆ ಹೊಡೆದ ಮೇಲೆ ಮತ್ತೆ ಹೊಡೆಯಬಾರದು, ಹೊಡೆದರೆ ಗಂಟೆಗೆ ಮರ್ಯಾದೆ ಇರುವುದಿಲ್ಲ ಎನ್ನುತ್ತಿದ್ದಳು.

ಆ ಗಂಟೆಯ ಬುದ್ಧಿಯೇ ಮನೆಯ ಫೋನಿಗೂ ಬಂದಿತ್ತು. ಅಡುಗೆಯಾದ ಮೇಲೆ ಅಕ್ಕ ಅಂಗಡಿಗೆ ರಿಂಗು ಕೊಡುವಳು. ಪಂಡಿತನ ಒಂದು ಕೈಯಲ್ಲಿ ಬೆಸುಗೆಯ ಬಿಸಿ ಕಡ್ಡಿ, ಇನ್ನೊಂದರಲ್ಲಿ ಯಾರದೋ ಫೋನಿನ ಕರುಳು. ಮಾತಾಡಲು ಎಲ್ಲಿ ಪುರುಸೊತ್ತು? ಹೆಬ್ಬೆರಳು ಚಾಚಿ ಕರೆಯನ್ನು ಕಟ್ ಮಾಡುವನು. ಕಟ್ ಮಾಡಿದನೆಂದರೆ ಹೊರಟ ಎಂದೇ ಲೆಕ್ಕ. ಅಕ್ಕ ಎದ್ದು ಬಾಗಿಲ ಚಿಲಕ ತೆಗೆದಿಟ್ಟು, ತಟ್ಟೆ ಹಾಕಿ, ನೀರಿಡುವಳು. ನೀರಿಡುವ ಹೊತ್ತಿಗೆ ಅವನ ಚಪ್ಪಲಿಯ ಸದ್ದು. ಬರಲಾಗದ ದಿನ ಮಾತ್ರ ಫೋನು ಎತ್ತಿ ಇಲ್ಲ ಎನ್ನುತ್ತಿದ್ದ. ಅಂಗಡಿ ತೆರೆದ ದಿನದಿಂದ ನಡೆದುಬಂದ ಏರ್ಪಾಡು ಅದು, ಒಂದು ಸಲವೂ ತಪ್ಪಿರಲಿಲ್ಲ.

ಹಿಂದಿನ ವರ್ಷ ಅಕ್ಕನಿಗೆ ಮೊದಲ ಬಾರಿ ಎದೆ ಹಿಂಡಿದಾಗಲೂ ಹಾಗೇ ಆಯಿತು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ರಿಂಗು ಬಂತು. ಪಂಡಿತನಿಗೆ ಏನೋ ಕೆಟ್ಟದ್ದು ಎಂದು ತಕ್ಷಣ ಹೊಳೆಯಿತು. ಕಟ್ ಮಾಡಿ, ಅದೇ ಫೋನಿನಲ್ಲಿ ಮನೆಯ ವಿಳಾಸಕ್ಕೆ ಬಾಡಿಗೆ ಕಾರು ಹೇಳಿ, ಅಂಗಡಿಯ ಶಟರು ಎಳೆದು ಓಡಿದ. ಅವನು ಮನೆ ಮುಟ್ಟುವ ಮೊದಲೇ ಕಾರು ಬಾಗಿಲಲ್ಲಿ ನಿಂತಿತ್ತು. ಅಕ್ಕ ಬದುಕಿಕೊಂಡಳು. ಆಮೇಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು: "ನಾನು ಮಾತೇ ಆಡ್ಲಿಲ್ಲ ಕಣ್ರೇ. ಅವ್ನು ಕಟ್ ಮಾಡ್ದ, ಕಾರು ಬಂತು!"

ಆಸ್ಪತ್ರೆಯ ವೈದ್ಯೆ ಮಾತ್ರ ಖಡಕ್ಕಾಗಿ ಹೇಳಿದ್ದರು. ಈ ಸಲ ಹೇಗೋ ಆಯಿತು. ಇನ್ನೊಮ್ಮೆ ಎದೆ ಹಿಂಡಿದರೆ ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡು ನೇರ ಇಲ್ಲಿಗೆ ಬರಬೇಕು, ಯಾರಿಗೂ ಕಾಯಬಾರದು.

ಹೀಗಿರುವಾಗ ಮೊಬೈಲ್ ಕವರು ಮಾರುವ ಕಂಪನಿಯೊಂದು, ತನ್ನ ಮಾಲನ್ನು ಹೆಚ್ಚು ಮಾರಿದ ಅಂಗಡಿಯವರನ್ನು ಜೋಡಿಯಾಗಿ ವಿದೇಶ ಪ್ರವಾಸಕ್ಕೆ ಕರೆದೊಯ್ಯುವುದಾಗಿ ಹೇಳಿತು. ಪಂಡಿತನ ಹೆಸರು ಬಂತು. ಅವನು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಮಾತ್ರ ಹಿಂದೆಮುಂದೆ ನೋಡಿದಳು.

"ಅತ್ತಿಗೇನ ಒಬ್ಬರನ್ನೇ ಬಿಟ್ಟು ಹೇಗ್ರೀ ಹೋಗೋದು?"

"ನಾನೇನು ಹಾಲು ಕುಡಿಯೋ ಮಗುನಾ?" ಅಂದಳು ಅಕ್ಕ. "ಹೋಗಿ ಬನ್ನಿ. ಇಷ್ಟು ವರ್ಷ ಬೇರೆಯವರಿಗೆ ಪಾಠ ಹೇಳಿದ್ದಾಯ್ತು, ಈಗ ಅವನೇ ಹೋಗಿ ಪರೀಕ್ಷೆ ಬರೀಲಿ."

ಹೊರಡುವ ಮುಂಚೆ ಪಂಡಿತ ಎಲ್ಲ ಬಂದೋಬಸ್ತು ಮಾಡಿದ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿದ್ದಳು, ಬಾಯಿ ಜೋರು, ಕರುಳು ಮೆತ್ತಗೆ. ಅಕ್ಕನಿಗೆ ಏನಾದರೂ ಆದರೆ ತಾನೇ ಆಸ್ಪತ್ರೆಗೆ ಕರೆದೊಯ್ಯುವುದಾಗಿ ಅವಳು ಮಾತು ಕೊಟ್ಟಳು. ಅಕ್ಕನನ್ನು ಕೂರಿಸಿಕೊಂಡು ಅವನು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದನ್ನು ಕಲಿಸಿದ.

"ನಂಗೆ ಕಾಲ್ ಮಾಡ್ಬೇಡ ಅಕ್ಕ. ದಂಡ ಬೀಳುತ್ತೆ. ಇಲ್ಲಿ ಬೆರಳಿಟ್ಟು ಮಾತಾಡಿ ಬಿಟ್ಬಿಡು. ಸಂಜೆ ಹೋಟೆಲಿಗೆ ಬಂದ್ಮೇಲೆ ಕೇಳಿಸ್ಕೋತೀನಿ."

"ಗೋಡೆ ಜೊತೆ ಮಾತಾಡಿದ ಹಾಗೆ."

"ಗೋಡೆನೇ ಅಂದ್ಕೋ."

"ತೀರಾ ಅರ್ಜೆಂಟ್ ಆದ್ರೆ?"

"ಪಕ್ಕದಲ್ಲಿ ಅವಳಿಲ್ವಾ?"

ಅಕ್ಕ ಹೂಂ ಅಂದಳು. ಪಂಡಿತ ಇಷ್ಟನ್ನೆಲ್ಲ ಹೇಳಿ ಮುಗಿಸಿದ ಸಮಾಧಾನದಲ್ಲಿ ಸೂಟ್‌ಕೇಸಿನ ಜಿಪ್ಪು ಎಳೆದ. ಇಷ್ಟು ವರ್ಷ ಕಟ್ ಮಾಡಿದ್ದರ ಅರ್ಥ ಅಲ್ಲಿ ಹೋದ ಮೇಲೆ ಬದಲಾಗುತ್ತದೆ ಎಂದು ಅಕ್ಕನಿಗೆ ಹೇಳಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅದು ಅವನ ತಲೆಯಲ್ಲಿರಲಿಲ್ಲ, ಹೆಬ್ಬೆರಳಿನಲ್ಲಿತ್ತು.

ವಿದೇಶದಲ್ಲಿ ಪಂಡಿತ ತನ್ನ ಪಾಠವನ್ನು ಅಕ್ಷರಶಃ ಪಾಲಿಸಿದ. ಹೆಂಡತಿಯ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟ. ತನ್ನ ಸಿಮ್ಮನ್ನು ಬ್ಯಾಂಕಿನ ಒಟಿಪಿ ಬಂದರೆ ಬೇಕಾಗುತ್ತದೆಂದು ಉಳಿಸಿಕೊಂಡು, ಡೇಟಾ ಆಫ್ ಮಾಡಿದ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅಲ್ಲಿನ ಸಿಮ್ಮು ಕೊಳ್ಳುತ್ತಿದ್ದರೆ ಇವನು ಕೈಕಟ್ಟಿ ನಿಂತು ನಕ್ಕ. ಗುಂಪನ್ನು ನೋಡಿಕೊಳ್ಳುವ ಕಂಪನಿಯ ಹುಡುಗಿ ತನ್ನ ಫೋನಿನಿಂದ ಎಲ್ಲರಿಗೂ ನೆಟ್ ಕೊಡುತ್ತೇನೆಂದಾಗಲೂ ಬೇಡವೆಂದ. ಯಾರ ಫೋನಿನಲ್ಲಿ ಏನಿರುತ್ತದೋ ಯಾರಿಗೆ ಗೊತ್ತು? ಅವನಿಗೆ ನಂಬಿಕೆಯಿದ್ದದ್ದು ಹೋಟೆಲಿನ ವೈಫೈ ಒಂದರ ಮೇಲೆ, ಅದಕ್ಕೆ ಪಾಸ್‌ವರ್ಡ್ ಇತ್ತು. ರೂಮಿನೊಳಗೆ ಅದು ಬರುತ್ತಿರಲಿಲ್ಲ. ಸಂಜೆ ಗಂಡ ಹೆಂಡತಿ ಕೆಳಗಿಳಿದು, ಸ್ವಾಗತದ ಮೇಜಿನ ಎದುರಿನ ಸೋಫಾದಲ್ಲಿ ಒತ್ತಿಕೊಂಡು ಕೂತು ಅಕ್ಕನ ಮಾತು ಕೇಳುತ್ತಿದ್ದರು.

"ಹಲೋ. ಹಲೋ... ಹೋಗ್ತಿದ್ಯೋ ಇಲ್ವೋ ಇದು. ನಾನು ಚೆನ್ನಾಗಿದೀನಿ. ಮಾತ್ರೆ ತಗೊಂಡೆ. ಈ ದರಿದ್ರದ್ದು ಹೂಂ ಅನ್ನಲ್ಲ ಉಹೂಂ ಅನ್ನಲ್ಲ. ಏ, ಬೆರಳು ತೆಗೀಬೇಕಾ ಈಗ?"

ಅಲ್ಲಿಗೆ ಮಾತು ನಿಂತರೂ ಬೆರಳು ತೆಗೆಯುತ್ತಿರಲಿಲ್ಲ. ಪಾತ್ರೆಯ ಸದ್ದು, ಕುರ್ಚಿ ಎಳೆದ ಸದ್ದು, ಪಕ್ಕದ ಮನೆಯ ಹೊಲಿಗೆ ಯಂತ್ರದ ಸದ್ದು ಎಲ್ಲ ಬರುತ್ತಿದ್ದವು. ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಪಂಡಿತನಿಗೂ ನಗು. ತನ್ನ ಏರ್ಪಾಡು ಎಷ್ಟು ಚೆನ್ನಾಗಿ ನಡೆಯುತ್ತಿದೆ ನೋಡು ಎಂದು ಹೆಂಡತಿಗೆ ದಿನವೂ ಹೇಳುತ್ತಿದ್ದ.

ಪ್ರವಾಸ ಇನ್ನೇನು ಮುಗಿಯುತ್ತ ಬಂದಿದ್ದಾಗ ಗುಂಪನ್ನು ದೋಣಿ ವಿಹಾರಕ್ಕೆ ಕರೆದೊಯ್ದರು. ದೋಣಿ ಹತ್ತುವ ಕಟ್ಟೆಯಲ್ಲಿ ಉದ್ದದ ಸಾಲು. ಕಂಪನಿಯ ಹುಡುಗಿ ಎಲ್ಲರ ಕೈಗೂ ಚೀಟಿ ಕೊಡುತ್ತಿದ್ದಳು. ಪಂಡಿತ ಫೋನು ಎತ್ತಿ ಹಿಡಿದು, ನೀರನ್ನು ಹಿಂದಿಟ್ಟುಕೊಂಡು, ಹೆಂಡತಿಯ ಹೆಗಲ ಮೇಲೆ ಕೈಹಾಕಿ ಸೆಲ್ಫಿಗೆ ಹಲ್ಲು ಕಿರಿದಿದ್ದ. ಅದೇ ಹೊತ್ತಿಗೆ ಪರದೆಯ ಮೇಲೆ ಅಕ್ಕನ ಹೆಸರು ಬಂತು. ಫೋನು ಹೊಡೆದುಕೊಳ್ಳತೊಡಗಿತು.

ಹೆಬ್ಬೆರಳು ಚಾಚಿತು. ಕಟ್ ಆಯಿತು. ಅದರ ಹಿಂದೆಯೇ ಸೆಲ್ಫಿಯೂ ಬಂತು, ಚೆನ್ನಾಗಿಯೇ ಬಂತು.

"ಅತ್ತಿಗೆ ಅಲ್ವಾ?" ಅಂದಳು ಹೆಂಡತಿ.

"ಹೂಂ. ಎಷ್ಟು ಹೇಳಿದ್ರೂ ಅಷ್ಟೆ. ಕೈತಪ್ಪಿ ಒತ್ತಿರ್ಬೇಕು."

"ಎತ್ತಬಾರದಿತ್ತಾ? ಒಂದು ನಿಮಿಷ."

"ಒಂದು ನಿಮಿಷಕ್ಕೆ ಎಷ್ಟು ಕೀಳ್ತಾರೆ ಗೊತ್ತಾ ನಿಂಗೆ? ಬೇಕಾದ್ರೆ ಮತ್ತೆ ಮಾಡ್ತಾಳೆ ಬಿಡು."

ಅಕ್ಕ ಮತ್ತೆ ಮಾಡಲಿಲ್ಲ. ಅದೇ ಒಳ್ಳೆಯ ಲಕ್ಷಣ ಎಂದುಕೊಂಡ ಪಂಡಿತ. ಹೆಂಡತಿಯ ಮುಖ ಮಾತ್ರ ಸಡಿಲವಾಗಲಿಲ್ಲ. ಕಟ್ಟೆಯ ಪಕ್ಕದಲ್ಲೇ ಕಾಫಿ ಅಂಗಡಿ, ಬಾಗಿಲ ಮೇಲೆ ವೈಫೈ ಗುರುತು. ಅವಳು ಅವನ ತೋಳು ಹಿಡಿದೆಳೆದಳು.

"ಅಲ್ಲಿ ಪುಕ್ಕಟೆ ಇದೆಯಂತೆ. ಸುಮ್ಮನೆ ಒಂದ್ಸಲ ಮಾಡಿ ನೋಡ್ರೀ. ನಂಗ್ಯಾಕೋ ಸರಿ ಅನ್ನಿಸ್ತಿಲ್ಲ."

"ಪಾಸ್‌ವರ್ಡ್ ಇಲ್ದೇ ಇರೋ ವೈಫೈ ಅದು. ಬಾಗಿಲಿಲ್ಲದ ಮನೆ ಇದ್ದ ಹಾಗೆ. ಊರಿಗೆಲ್ಲ ಬೇಡ ಅಂದು ನಾನೇ ಹೋಗಿ ತಲೆ ಕೊಡ್ಲಾ?"

"ನಿಮ್ಮ ಊರಿನ ಪಾಠ ಆಮೇಲೆ..."

"ಸಂಜೆ ಮಾಡ್ತೀನಿ ಬಿಡು! ಬಂದಿರೋದು ಖುಷಿ ಪಡೋಕೆ ಕಣೇ."

ಸಾಲು ಮುಂದೆ ಸರಿಯಿತು. ದೋಣಿಯಲ್ಲಿ ಹೆಂಡತಿ ದಡದ ಕಡೆಗೇ ತಿರುಗಿ ಕೂತಳು. ಪಂಡಿತ ಕಂಪನಿಯವರ ಜೊತೆ ಜೋರಾಗಿ ನಗುತ್ತ, ಸೇತುವೆ ಬಂದಾಗಲೆಲ್ಲ ಫೋಟೋ ತೆಗೆದ. ನಡುವೆ ಒಂದೆರಡು ಸಲ ಫೋನಿನ ಪರದೆ ನೋಡಿದ್ದುಂಟು. ಏನೂ ಬಂದಿರಲಿಲ್ಲ. ಆಮೇಲೆ ಊರಿನಿಂದ ಇನ್ನೊಂದು ನಂಬರು ಹೊಡೆದುಕೊಂಡಾಗ ಅವನು ನೋಡಲೂ ಇಲ್ಲ, ಜೇಬಿನೊಳಗೆ ಕೈಯಿಟ್ಟು ಗುಂಡಿ ಒತ್ತಿ ಸದ್ದಡಗಿಸಿದ.

ಸಂಜೆ ಹೋಟೆಲಿನ ಬಾಗಿಲು ದಾಟಿ ಸೋಫಾ ಮುಟ್ಟುವುದರೊಳಗೆ ಫೋನು ವೈಫೈ ಹಿಡಿಯಿತು. ಹಿಡಿದದ್ದೇ ತಡ, ಕೈಯಲ್ಲೇ ನಡುಗತೊಡಗಿತು. ನೆಟ್‌ನಲ್ಲಿ ಬಂದು ತಪ್ಪಿಹೋದ ಕರೆಗಳು, ಒಂದರ ಹಿಂದೆ ಒಂದು. ಅಕ್ಕನದು ಒಂದೂ ಇರಲಿಲ್ಲ, ಎಲ್ಲ ಪಕ್ಕದ ಮನೆಯವಳದು. ನಿಂತಲ್ಲೇ ಅವಳಿಗೆ ಕರೆ ಮಾಡಿದ. ಹೆಂಡತಿ ಫೋನಿಗೆ ಕಿವಿ ಹಚ್ಚಿ ನಿಂತಳು.

"ಅಣ್ಣಾ!" ಅಂದಳು ಹೊಲಿಗೆಯವಳು. ಸದಾ ಬೀದಿಗೆ ಕೇಳುವಂತೆ ಮಾತಾಡುವ ಹೆಂಗಸಿನ ದನಿ ಈಗ ಪಿಸುಮಾತಿನಷ್ಟಿತ್ತು. "ಎಲ್ಲಿದ್ರಿ ಅಣ್ಣಾ? ಎಷ್ಟು ಸಲ ಮಾಡೋದು ನಾನು? ಅಕ್ಕ ಹೋಗ್ಬಿಟ್ರು."

ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದಳು. ಹೊಲಿಗೆಯವಳು ಹೇಳುತ್ತ ಹೋದಳು.

"ರವಿಕೆ ಕೊಡೋಣ ಅಂತ ಹೋದೆ. ಬಾಗ್ಲು ತೆಗೆದಿಟ್ಟು, ಹೊಸ್ತಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರು. ಕಾಲಿಗೆ ಚಪ್ಪಲಿನೂ ಹಾಕ್ಕೊಂಡಿದ್ರು. ಮೈಯೆಲ್ಲ ಬೆವರು. ಏನಕ್ಕಾ ಇದು ಅಂದೆ. ಎದೆ ಹಿಂಡ್ತಿದೆ, ಮಾತ್ರೆ ಇಟ್ಕೊಂಡಿದೀನಿ ಅಂದ್ರು. ನಡೀರಿ, ಗಾಡಿ ತರ್ತೀನಿ ಅಂದೆ. ಬೇಡ ಅಂದ್ರು. ತಮ್ಮಂಗೆ ಫೋನ್ ಮಾಡಿದೀನಿ, ಕಟ್ ಮಾಡ್ದ, ಕಾರು ಬರುತ್ತೆ ಅಂದ್ರು."

ಪಂಡಿತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅಯ್ಯೋ, ಅವರು ಎಲ್ಲಿ, ನೀವು ಎಲ್ಲಿ ಅಂತ ಬಡ್ಕೊಂಡೆ ಅಣ್ಣಾ. ಎಲ್ಲಿದ್ರೇನೇ, ಕಾರು ಹೇಳೋದು ಫೋನಲ್ಲೇ ಅಲ್ವಾ, ಹೋದ ಸಲನೂ ಹಾಗೇ ಕಳಿಸ್ದ ಅಂದ್ರು. ಅವ್ನು ಯಾವತ್ತಾದ್ರೂ ಕಟ್ ಮಾಡಿ ಬರ್ದೇ ಇದ್ದಿದ್ದು ಉಂಟಾ ಅಂತ ನಂಗೇ ಕೇಳಿದ್ರು. ಕಾರು ಬಂದಾಗ ನಾನಿಲ್ದಿದ್ರೆ ಡ್ರೈವರು ಸುಮ್ನೆ ಅಲೀಬೇಕು ಪಾಪ ಅಂದ್ರು. ನಂಗೂ ಹೌದು ಅನ್ನಿಸ್ತು. ಹೋದ ಸಲ ನಾನೇ ನೋಡಿದ್ನಲ್ಲ. ಕಾದ್ವಿ. ಬರ್ಲಿಲ್ಲ. ಬೀದಿ ಗೊತ್ತಾಗ್ದೆ ತಪ್ಪಿಸ್ಕೊಂಡಿರ್ಬೇಕು ಅಂತ ನಾನು ತುದಿವರೆಗೂ ಓಡಿ ನೋಡ್ದೆ. ವಾಪಸ್ ಬರೋದ್ರಲ್ಲಿ..."

ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ಕಾರು ಕಳಿಸಿದ್ರಲ್ವಾ ಅಣ್ಣಾ?"

ಸ್ವಾಗತದ ಮೇಜಿನವನು ನೀರು ಬೇಕೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದ. ಕಂಪನಿಯ ಹುಡುಗಿ ಓಡಿ ಬರುತ್ತಿದ್ದಳು. ನೆಲದ ಮೇಲಿಂದ ಹೆಂಡತಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ಕಳಿಸಿದ್ದೆ," ಅಂದ ಪಂಡಿತ. "ದಾರಿ ತಪ್ಪಿರ್ಬೇಕು."

ಊರಿಗೆ ಮರಳಿದಾಗ ಆ ಮಾತು ಅವನಿಗಿಂತ ಮೊದಲೇ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಮಣ್ಣಿಗೆ ಬಂದವರೆಲ್ಲ ಆ ಡ್ರೈವರನ್ನು ಬಾಯಿಗೆ ಬಂದ ಹಾಗೆ ಬೈದರು. ಅವನ ಕೈಗೆ ಹುಳ ಬೀಳಲಿ ಅಂದರು. ವಿದೇಶದಲ್ಲಿ ಕೂತು ಅಕ್ಕನಿಗೆ ಕಾರು ಕಳಿಸಿದ ತಮ್ಮ ಎಲ್ಲುಂಟು ಎಂದು ಪಂಡಿತನ ಬೆನ್ನು ಸವರಿದರು. ಪಂಡಿತ ತಲೆ ತಗ್ಗಿಸಿಕೊಂಡೇ ಇದ್ದ, ಅದನ್ನೂ ಜನ ದುಃಖವೆಂದೇ ತಿಳಿದರು. ದುಃಖವೂ ಇತ್ತು. ಇಲ್ಲ ಎಂದವರು ಯಾರು?

ಹೊಲಿಗೆಯವಳು ಮಾತ್ರ ಡ್ರೈವರನ್ನು ಬೈಯಲಿಲ್ಲ. ಅವಳು ಮೂಲೆಯಲ್ಲಿ ಕೂತು ಒಂದೇ ಮಾತನ್ನು ಬಂದವರಿಗೆಲ್ಲ ಹೇಳಿದಳು. "ನಾನು ಈ ತುದಿಗೆ ಹೋದೆ. ಅದು ಆ ತುದಿಯಿಂದ ಬಂದಿತ್ತೇನೋ. ಆ ಕಡೆ ಹೋಗಿದ್ರೆ ಸಿಗ್ತಿತ್ತು." ಕಾರ್ಯವೆಲ್ಲ ಮುಗಿದ ಮೇಲೂ ಅವಳ ಯಂತ್ರದ ಸದ್ದು ಕೇಳಲಿಲ್ಲ. ಬೀದಿಗೆ ಬಾಡಿಗೆ ಕಾರು ಬಂದರೆ ಎದ್ದು ಹೊರಗೆ ಬಂದು, ಅದು ಹೋಗುವವರೆಗೂ ನೋಡುತ್ತ ನಿಲ್ಲುವಳು.

"ಅವಳಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಹೆಂಡತಿ ಕೇಳಿದಳು. ಊರಿಗೆ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ನಾನೇ ಹೇಳ್ತೀನಿ. ನಾಳೆ."

ನಾಳೆ ಅಂಗಡಿ ತೆರೆಯಬೇಕಾಯಿತು. ಅದರ ನಾಳೆ ಹೊಲಿಗೆಯವಳೇ ಜ್ವರವೆಂದು ಮಲಗಿದಳು. ಆಮೇಲಿನ ನಾಳೆಗಳಿಗೆ ಪಂಡಿತ ಕಾರಣ ಹುಡುಕುವುದನ್ನೂ ಬಿಟ್ಟ. ಅವಳ ಮನೆಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಓಣಿಯಿಂದ ಸುತ್ತಿ ಅಂಗಡಿಗೆ ಹೋಗತೊಡಗಿದ.

ಅಂಗಡಿಯಲ್ಲಿ ಕೆಲಸ ಹೇಗೋ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಯಾವುದೋ ಫೋನಿನ ಚಾರ್ಜಿಂಗ್ ಪಿನ್ನು ಬದಲಿಸುತ್ತಿದ್ದ. ಎದುರಿಗೆ ಗಿರಾಕಿ, ರಜೆಗೆ ಹೊರದೇಶಕ್ಕೆ ಹೊರಟ ಹೆಂಗಸು. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಕಿವಿ ತುಂಬಿರುತ್ತಿತ್ತು. ಈಗ ಅವನು ಬಾಯಿ ಬಿಡದ್ದನ್ನು ಕಂಡು ಅವಳೇ ಕೇಳಿದಳು.

"ಹೋದ ಸಲ ನಮ್ಮ ಯಜಮಾನ್ರಿಗೆ ಏನೇನೋ ಹೇಳಿದ್ರಂತೆ. ಮನೆಯಿಂದ ಕಾಲ್ ಬಂದ್ರೆ ಏನು ಮಾಡ್ಬೇಕು? ಕಟ್ ಮಾಡಿದ್ರೆ ಏನೂ ಬೀಳಲ್ಲ ಅಲ್ವಾ?"

ಪಂಡಿತ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮನೆಯಿಂದ, ಹೆಂಡತಿ. ಊಟದ ಹೊತ್ತು. ಒಂದು ಕೈಯಲ್ಲಿ ಬಿಸಿ ಕಡ್ಡಿ, ಇನ್ನೊಂದರಲ್ಲಿ ಫೋನಿನ ಕರುಳು. ಹೆಬ್ಬೆರಳು ಚಾಚಿತು, ಕಟ್ ಆಯಿತು. ಆಗಿಹೋದ ಮೇಲೆ ಅವನು ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಕಡ್ಡಿಯ ತುದಿ ಮೇಜಿನ ರಬ್ಬರು ಹಾಳೆಯನ್ನು ಸುಡುತ್ತಿತ್ತು.

"ಸುಟ್ಟ ವಾಸನೆ ಬರ್ತಿದೆ," ಅಂದಳು ಗಿರಾಕಿ.

ಅವಳಿಗೆ ಸಂಜೆ ಬರಲು ಹೇಳಿ, ಶಟರು ಎಳೆದು, ಪಂಡಿತ ಮನೆಗೆ ಓಡಿದ. ಈ ಸಲ ಹಿಂದಿನ ಓಣಿ ನೆನಪಾಗಲಿಲ್ಲ. ಹೊಲಿಗೆಯವಳು ತನ್ನ ಹೊಸ್ತಿಲಲ್ಲಿ ನಿಂತಿದ್ದಳು. ಯಾಕಣ್ಣಾ ಓಡ್ತಿದೀರಾ, ಏನಾಯ್ತು ಎಂದು ಕೂಗಿದಳು. ಅವನು ನಿಲ್ಲಲಿಲ್ಲ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಪಂಡಿತ ತಟ್ಟಿದ. ಮತ್ತೆ ತಟ್ಟಿದ. ತನ್ನ ಮನೆಯ ಬಾಗಿಲನ್ನು ಊಟದ ಹೊತ್ತಿನಲ್ಲಿ ತಟ್ಟಿ ಅವನಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಹೆಂಡತಿ ಬಂದು ತೆಗೆದಳು. ಒಳಗೆ ತಟ್ಟೆ ಹಾಕಿರಲಿಲ್ಲ, ನೀರೂ ಇಟ್ಟಿರಲಿಲ್ಲ.

"ಫೋನ್ ಮಾಡಿದ್ಯಲ್ಲ," ಅಂದ ಏದುಸಿರು ಬಿಡುತ್ತ.

"ಮಾಡ್ದೆ. ನೀವು ಕಟ್ ಮಾಡಿದ್ರಿ," ಅಂದಳು ಅವಳು. "ಬರ್ತೀರೋ ಇಲ್ವೋ ಅಂತ ಗೊತ್ತಾಗ್ಲಿಲ್ಲ."